ಒಂದು ಎನ್ನದ ಮಕ್ಕಳು

೧೯೪೯ರ ಜೂನ್ ತಿಂಗಳಲ್ಲಿ ನಾನು ಕಲ್ಯಾಣಿಯ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಗೆ ಶಿಶುವರ್ಗದ ಶಿಕ್ಷಕಿಯಾಗಿ ಸೇರಿದೆ. ಇಂದಿನ ಬಸವಕಲ್ಯಾಣಕ್ಕೆ ಆಗ ಎಲ್ಲರೂ ಕಲ್ಯಾಣಿ ಎಂದೇ ಅನ್ನುತ್ತಿದ್ದರು. ನನ್ನ ಊರು ಹುಮನಾಬಾದ್. ವಯಸ್ಸು ಇಪ್ಪತ್ತೊಂದು. ಕಲಬುರ್ಗಿಯಲ್ಲಿ ಕೆಲವು ತಿಂಗಳು ಪಡೆದ ತರಬೇತಿ, ಜೊತೆಗೆ ಯಾರ ಮಾತನ್ನೂ ಕೇಳಿಸಿಕೊಳ್ಳದಷ್ಟು ಆತ್ಮವಿಶ್ವಾಸ, ಇಷ್ಟೇ ನನ್ನ ಬಂಡವಾಳ. ಕೋಟೆಯ ಹತ್ತಿರ ದೂರದ ಸಂಬಂಧಿಕರ ಮನೆಯಲ್ಲಿ ಉಳಿದುಕೊಂಡು, ವಾರದ ರಜೆಗೆ ಬಸ್ಸು ಸಿಕ್ಕರೆ ಊರಿಗೆ ಹೋಗಿ ಬರುತ್ತಿದ್ದೆ. ಬಸ್ಸು ಸಿಗದಿದ್ದರೆ ಅದೊಂದು ಸಿಟ್ಟು ಬೇರೆ.

ಶಿಶುವರ್ಗ ಎಂದರೆ ಒಂದನೇ ತರಗತಿಗೂ ಮುಂಚಿನದು. ನಾಲ್ಕೈದು ವರ್ಷದ ಮಕ್ಕಳದು. ಇದನ್ನು ತೆರೆದ ಕಾರಣ ಆ ಮಕ್ಕಳಲ್ಲ, ಅವರ ಅಕ್ಕಂದಿರು. ಹತ್ತು ವರ್ಷದ ಹುಡುಗಿ ಶಾಲೆಗೆ ಬರಬೇಕೆಂದರೆ ಅವಳ ಸೊಂಟದ ಮೇಲಿನ ತಮ್ಮನೋ ತಂಗಿಯೋ ಎಲ್ಲಾದರೂ ಇಳಿಯಬೇಕಿತ್ತಲ್ಲ? ಮನೆಯಲ್ಲಿ ಇಳಿಸಲು ಜಾಗವಿಲ್ಲ, ತಾಯಿ ಹೊಲದಲ್ಲಿ. ಹಾಗಾಗಿ ಚಿಕ್ಕವರನ್ನು ನನ್ನ ಕೋಣೆಯಲ್ಲಿ ಇಳಿಸಿ ದೊಡ್ಡವರು ಪಕ್ಕದ ಕೋಣೆಗೆ ಹೋಗಿ ಓದುತ್ತಿದ್ದರು. ಶಿಶುವರ್ಗ ಮುಚ್ಚಿದರೆ ಚಿಕ್ಕವರಿಗೆ ಏನೂ ನಷ್ಟವಿರಲಿಲ್ಲ; ಮಣ್ಣಲ್ಲಿ ಆಡಿಕೊಂಡು ಇರುತ್ತಿದ್ದರು. ಅಕ್ಕಂದಿರ ಓದು ಮಾತ್ರ ಅಲ್ಲಿಗೆ ಮುಗಿಯುತ್ತಿತ್ತು.

ಆ ಅಕ್ಕಂದಿರಲ್ಲಿ ಒಬ್ಬಳು ರುಕ್ಮಾ, ಎರಡನೇ ತರಗತಿಯವಳು. ಓದು ಎಂದರೆ ಪ್ರಾಣ. ಅವಳ ತಂಗಿ ಕಾಶಿ ನನ್ನ ವರ್ಗದಲ್ಲಿ. ಇವರ ಮನೆಯ ಯಜಮಾನಿಕೆ ಅಜ್ಜಿ ತುಳಜಾಬಾಯಿಯದು. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ಮೋರಖಂಡಿಯ ದಾರಿಯಲ್ಲಿ ಅವರಿಗೆ ಜೋಳದ ಹೊಲವಿತ್ತು. ಮಗ ಬಿತ್ತುತ್ತಿದ್ದ, ಸೊಸೆ ಕಳೆ ಕೀಳುತ್ತಿದ್ದಳು, ಆಯಿ ಹುಕುಂ ಕೊಡುತ್ತಿದ್ದಳು.

ರಜಾಕಾರರ ಹಾವಳಿ, ಆಮೇಲಿನ ಪೊಲೀಸ್ ಕಾರ್ಯಾಚರಣೆ, ಇವೆಲ್ಲ ಮುಗಿದು ಇನ್ನೂ ವರ್ಷವೂ ಆಗಿರಲಿಲ್ಲ. ಜನ ಪರಸ್ಪರ ಮುಖ ನೋಡಿ ಮಾತಾಡುವುದನ್ನು ಮತ್ತೆ ಕಲಿಯುತ್ತಿದ್ದರು. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು, ಆದರೆ ನನ್ನ ಕೋಣೆಯ ಗೋಡೆಯ ಮೇಲೆ ಉರ್ದು ಅಂಕಿಗಳು ಹಾಗೇ ಉಳಿದಿದ್ದವು. ಸುಣ್ಣ ಬಳಿಸಿಕೊಡಿ ಎಂದು ಕೇಳಿದೆ, ಬಳಿಸುತ್ತೇವೆ ಎಂದರು, ನಾನು ಆ ಶಾಲೆ ಬಿಡುವವರೆಗೂ ಬಳಿಸಲಿಲ್ಲ. ಇದರ ಫಲವನ್ನು ಮಹಬೂಬ್ ಎಂಬ ಹುಡುಗ ನನಗೆ ತೋರಿಸಿಕೊಟ್ಟ. ಉರ್ದುವಿನಲ್ಲಿ ಐದನ್ನು ದುಂಡಗೆ ಬರೆಯುತ್ತಾರೆ, ಸೊನ್ನೆಗೆ ಬರೀ ಚುಕ್ಕೆ ಇಡುತ್ತಾರೆ. ಹೀಗಾಗಿ ನಾನು ಹಲಗೆಯ ಮೇಲೆ ಕನ್ನಡದ ೧೦ ಬರೆದು ತೋರಿಸಿದರೆ ಆ ಹುಡುಗ ಎದ್ದು ನಿಂತು, ಎದೆ ಉಬ್ಬಿಸಿ, "ಪಂದ್ರಾ!" ಎನ್ನುತ್ತಿದ್ದ. ಹದಿನೈದು. ದಿನಾ ಹೇಳಿಕೊಟ್ಟೆ, ದಿನಾ ಪಂದ್ರಾ.

ಅದಾದರೂ ಸಹಿಸಬಹುದಿತ್ತು. ನನ್ನನ್ನು ನಿಜಕ್ಕೂ ಹೈರಾಣ ಮಾಡಿದ್ದು ಹತ್ತಲ್ಲ, ಒಂದು.

ತರಬೇತಿಯಲ್ಲಿ ನಮಗೆ ಹೇಳಿದ್ದು ಇಷ್ಟು: ಎಣಿಕೆಯನ್ನು ಬಾಯಿಪಾಠ ಮಾಡಿಸಬೇಡಿ, ಮಗುವಿನ ಕೈಗೆ ವಸ್ತು ಕೊಡಿ, ವಸ್ತು, ಶಬ್ದ, ಅಂಕಿ ಮೂರೂ ಒಂದಕ್ಕೊಂದು ಕೂಡಬೇಕು. ಕೇಳಲು ಚೆನ್ನಾಗಿಯೇ ಇದೆ. ಮೊದಲು ಶೇಂಗಾ ಕೊಟ್ಟೆ. ಎಣಿಸುವುದರೊಳಗೆ ತಿಂದು ಮುಗಿಸಿದರು. ಆಮೇಲೆ ಹುಣಸೆ ಬೀಜ ತಂದೆ. ಒಂದು ಬೀಜವನ್ನು ಕಾಶಿಯ ಅಂಗೈಯಲ್ಲಿಟ್ಟು ಎಷ್ಟು ಎಂದು ಕೇಳಿದೆ.

"ಲಾಭ," ಎಂದಳು.

ಇನ್ನೊಂದು ಇಟ್ಟೆ. "ಎರಡ." ಮತ್ತೊಂದು. "ಮೂರ." ಹತ್ತರವರೆಗೂ ಒಂದೂ ತಪ್ಪಲಿಲ್ಲ. ಮತ್ತೆ ಮೊದಲಿನಿಂದ ಕೇಳಿದರೆ ಮತ್ತೆ ಲಾಭ. ಮಹಬೂಬನನ್ನು ಕೇಳಿದೆ. "ಬರ್ಕತ್, ದೋ, ತೀನ್." ಮರಾಠಿ ಮನೆಯಿಂದ ಬಂದವನನ್ನು ಕೇಳಿದೆ. "ಲಾಭ, ದೋನ್, ತೀನ್." ಮೂರು ಭಾಷೆಯ ಮಕ್ಕಳು, ಬೇರೆ ಯಾವುದಕ್ಕೂ ಒಮ್ಮತವಿಲ್ಲದ ಊರು, ಒಂದು ಎನ್ನಬಾರದು ಎಂಬುದಕ್ಕೆ ಮಾತ್ರ ಎಲ್ಲರೂ ಸೇರಿ ಠರಾವು ಮಾಡಿದಂತಿತ್ತು.

ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಖಳದಲ್ಲಿ, ಅಂದರೆ ಒಕ್ಕಣೆಯ ಕಣದಲ್ಲಿ, ಜೋಳದ ರಾಶಿ ಅಳೆಯುವಾಗ ಮೊದಲನೆಯ ಸೇರನ್ನು ಚೀಲಕ್ಕೆ ಸುರಿಯುವವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮುಸಲ್ಮಾನರು ಬರ್ಕತ್ ಎನ್ನುತ್ತಾರೆ. ಎರಡರಿಂದ ಮುಂದೆ ಎಲ್ಲರಂತೆಯೇ. ಒಂದು ಎಂದರೆ ರಾಶಿ ಒಂದಕ್ಕೇ ನಿಂತುಬಿಡುತ್ತದೆ ಎಂಬ ಅಂಜಿಕೆ. ಇದು ನನಗೇನೂ ಹೊಸದಾಗಿರಲಿಲ್ಲ, ಹುಮನಾಬಾದಿನಲ್ಲೂ ಹೀಗೇ ಇತ್ತು. ಆದರೆ ಅದು ರಾಶಿಯ ಮುಂದೆ ಆಡುವ ಮಾತು. ನಮ್ಮ ಮಕ್ಕಳು ಎಣಿಕೆಯನ್ನು ಮೊದಲು ಕೇಳುವುದೇ ರಾಶಿಯ ಮುಂದೆ. ಹಾಗಾಗಿ ಅದು ಬೀಜಕ್ಕೆ, ಹರಳುಕಲ್ಲಿಗೆ, ಬೆರಳಿಗೆ, ಎಲ್ಲಕ್ಕೂ ಅಂಟಿಕೊಂಡಿತ್ತು.

ಬಿಡಿಸಲು ನಾನು ಮಾಡದ ಸರ್ಕಸ್ಸಿಲ್ಲ. ನೆಲದ ಮೇಲೆ ಕೆಮ್ಮಣ್ಣಿನಿಂದ ದೊಡ್ಡ ೧ ಬರೆದು ಅದರ ಮೇಲೆ ನಡೆಯಲು ಹೇಳಿದೆ. ಲಾಭ ಲಾಭ ಎಂದು ಹಾಡುತ್ತ ನಡೆದರು. ರಟ್ಟಿನಲ್ಲಿ ೧ ಕತ್ತರಿಸಿ ಕೊಟ್ಟೆ. ಕಾಶಿ ಅದನ್ನು ಮೂರು ಬಾರಿ ತಿರುಗಿಸಿ ನೋಡಿ, ಸರಿಯಾಗಿ ಗುರುತಿಸಿ, ಲಾಭ ಎಂದಳು. ಒಂದು ಎಂದವರಿಗೆ ಬೆಲ್ಲ ಕೊಡುತ್ತೇನೆ ಎಂದೆ. ಬೆಲ್ಲ ತಿಂದು ಮತ್ತೆ ಲಾಭ ಎಂದರು. ಆಗಸ್ಟ್ ಹೊತ್ತಿಗೆ ನನ್ನ ಗಂಟಲು ಹೋಗಿತ್ತು. ಡಿಸೆಂಬರ್ ಹೊತ್ತಿಗೆ ತಾಳ್ಮೆಯೂ ಹೋಗಿತ್ತು.

೧೯೫೦ರ ಜನವರಿಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಕನ್ನಡದವರೇ, ಆದರೆ ಹುಟ್ಟಿ ಬೆಳೆದದ್ದು ಹೈದರಾಬಾದ್ ಶಹರದಲ್ಲಿ. ಅವರ ಮನೆಗೆ ಜೋಳ ಬರುತ್ತಿದ್ದದ್ದು ಅಂಗಡಿಯಿಂದ, ಅದೂ ಬೀಸಿದ ಹಿಟ್ಟಾಗಿ. ಕಾಶಿಯ ಮುಂದೆ ಬಗ್ಗಿ ಒಂದು ಬೆರಳು ತೋರಿಸಿ, "ಇದು ಎಷ್ಟಮ್ಮ?" ಎಂದರು.

"ಲಾಭ್ರಿ."

"ನಿನ್ನ ಮುಖದ ಮೇಲೆ ಮೂಗು ಎಷ್ಟು?"

ಕಾಶಿ ಮೂಗು ಮುಟ್ಟಿ ಖಾತ್ರಿ ಮಾಡಿಕೊಂಡು, "ಲಾಭ್ರಿ," ಎಂದಳು. ಹಿಂದಿನ ಸಾಲಿನಿಂದ ಮಹಬೂಬ್, ಯಾರೂ ಕೇಳದಿದ್ದರೂ, "ಬರ್ಕತ್!" ಎಂದು ಕೂಗಿದ.

ನಾನು ಖಳದ ರೂಢಿಯನ್ನು ವಿವರಿಸಲು ಹೋದೆ. ಸಾಹೇಬರು ಕೈ ಎತ್ತಿ ತಡೆದರು; ಶಿಕ್ಷಕಿಯರನ್ನು ಅವರು ಬಾಯಿ ಎಂದೇ ಕರೆಯುತ್ತಿದ್ದರು. "ಶಾಲೆ ಖಳ ಅಲ್ಲ, ಬಾಯಿ. ಒಂದೇ ಬಾರದ ಮಕ್ಕಳಿಗೆ ನಾನು ಮುಂದೇನು ಕೇಳಲಿ? ಮಾರ್ಚಿಯಲ್ಲಿ ಮತ್ತೆ ಬರುತ್ತೇನೆ. ಆಗಲೂ ಹೀಗೇ ಇದ್ದರೆ ಈ ವರ್ಗ ಮುಚ್ಚಲು ಬರೆಯಬೇಕಾಗುತ್ತದೆ."

ಮುಚ್ಚಿದರೆ ರುಕ್ಮಾಳಂಥವರ ಗತಿ ಏನು ಎಂಬುದು ಅವರ ತಪಾಸಣೆಯ ಪ್ರಶ್ನೆಗಳಲ್ಲಿ ಇರಲಿಲ್ಲ.

ಅಂದಿನಿಂದ ನಾನು ಅಕ್ಕಂದಿರನ್ನೇ ಕೆಲಸಕ್ಕೆ ಹಚ್ಚಿದೆ. ಮನೆಯಲ್ಲಿ ಕೂತಾಗ, ನಿಂತಾಗ, ಚಿಕ್ಕವರ ಬಾಯಲ್ಲಿ ಒಂದು ಎನ್ನಿಸಿ ಎಂದೆ. ರುಕ್ಮಾ ಇದನ್ನು ವ್ರತದಂತೆ ಹಿಡಿದಳು. ತಲೆ ಬಾಚುವಾಗ ಒಂದು, ನೀರು ತರುವಾಗ ಒಂದು. ಫೆಬ್ರವರಿ ನಡುವಿಗೆ ಕಾಶಿ, ಅದೂ ಹರಳು ಕೊಟ್ಟಾಗ ಮಾತ್ರ, ಒಂದು ಎನ್ನತೊಡಗಿದಳು. ನನಗೆ ಆದ ಸಂತೋಷ ಹೇಳತೀರದು. ಉಳಿದವರೂ ಒಬ್ಬೊಬ್ಬರಾಗಿ ದಾರಿಗೆ ಬಂದರು. ಮಹಬೂಬ್ ಕೂಡ ಹತ್ತನ್ನು ಹತ್ತು ಎಂದ.

ಅಷ್ಟರಲ್ಲಿ ಜೋಳದ ರಾಶಿಯ ಕಾಲ ಬಂತು.

ಮೋರಖಂಡಿಯ ದಾರಿಯ ಹೊಲದಲ್ಲಿ ರುಕ್ಮಾಳ ಅಪ್ಪ ರಾಶಿ ಅಳೆಯಲು ಕೂತ. ಆಯಿ ರಾಶಿಗೆ ಕೈಮುಗಿದಳು. ಎಲ್ಲರೂ ಸುತ್ತ ನಿಂತರು. ಅಪ್ಪ ಮೊದಲ ಸೇರು ತುಂಬಿ ಚೀಲಕ್ಕೆ ಸುರಿದು ಲಾಭ ಎನ್ನುವುದಕ್ಕೂ, ತಿಂಗಳಿಂದ ತಂಗಿಗೆ ಪಾಠ ಹೇಳಿಕೊಟ್ಟು ಹೇಳಿಕೊಟ್ಟು ರೂಢಿಯಾಗಿದ್ದ ರುಕ್ಮಾ ಶಾಲೆಯ ದನಿಯಲ್ಲಿ "ಒಂದು!" ಎನ್ನುವುದಕ್ಕೂ ಸರಿಹೋಯಿತು. ರಾಶಿ ಅಳೆದು ಮುಗಿದಾಗ ಹೋದ ವರ್ಷಕ್ಕಿಂತ ಎರಡು ಚೀಲ ಕಡಿಮೆ ಬಿತ್ತು. ಕಡಿಮೆಯಾಗಲು ಹತ್ತು ಕಾರಣ ಇದ್ದಾವು. ಹಕ್ಕಿಗಳೇ ಆ ಸಲ ಅರ್ಧ ತೆನೆ ತಿಂದಿದ್ದವು ಎಂದು ಅವರ ಪಕ್ಕದ ಹೊಲದವರೇ ನನಗೆ ಹೇಳಿದರು. ಆಯಿಗೆ ಮಾತ್ರ ಒಂದೇ ಕಾರಣ ಕಂಡಿತು.

ಮರುದಿನ ಕಾಶಿಯನ್ನು ಬಿಡಲು ಅಜ್ಜಿಯೇ ಬಂದಳು. ರುಕ್ಮಾ ಇರಲಿಲ್ಲ.

"ದೊಡ್ಡಾಕಿ ಇನ್ನ ಸಾಲಿಗಿ ಬರಂಗಿಲ್ರಿ, ಅಕ್ಕೋರ," ಎಂದಳು. "ರಾಶಿ ಮುಂದ ನಿಂತು ಒಂದು ಅಂದ್ಳು. ನಿಮ್ಮ ಸಾಲಿ ಕಲಿಸಿದ್ದು ಇದ ಏನು? ಮನ್ಯಾಗ ರೊಟ್ಟಿ ಬಡೀಲಿ, ಸಾಕು."

"ಮತ್ತ ಕಾಶಿ?"

"ಇದು ಬರಲಿ. ಮನ್ಯಾಗಿದ್ರ ಕಾಲಾಗ ಕಾಲಾಗ ಬರ್ತದ."

ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತೇ ಇದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕ ಓದಲಿ ಎಂದು ತಂಗಿಗಾಗಿ ತೆರೆದ ವರ್ಗ ಇದು. ಈಗ ತಂಗಿ ಶಾಲೆಯಲ್ಲಿ ಹರಳು ಎಣಿಸುತ್ತಾಳೆ, ಅಕ್ಕ ಒಲೆಯ ಮುಂದೆ ಕೂತಿದ್ದಾಳೆ. ಸುದ್ದಿ ಹಬ್ಬಿ ಇನ್ನೂ ಎರಡು ಮನೆಯವರು ಬಂದು, ನಮ್ಮ ಮಕ್ಕಳಿಗೆ ಒಂದು ಕಲಿಸಬೇಡಿ ಎಂದು ತಾಕೀತು ಮಾಡಿ ಹೋದರು. ಒಂದು ಎನ್ನಿಸಿದರೆ ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಎನ್ನಿಸದಿದ್ದರೆ ಸಾಹೇಬರು ವರ್ಗವನ್ನೇ ಮುಚ್ಚಿಸುತ್ತಾರೆ. ಆ ವಾರ ಹುಮನಾಬಾದಿಗೆ ಹೋದಾಗ ಈ ಕೆಲಸ ಬಿಟ್ಟು ಬರುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಬಿಟ್ಟು ಏನು ಮಾಡುತ್ತೀ ಎಂದರು ಅಪ್ಪ. ಸೋಮವಾರ ಮತ್ತೆ ಬಸ್ಸು ಹತ್ತಿದೆ.

ಮಾರ್ಚಿಯಲ್ಲಿ ಸಾಹೇಬರು ಹೇಳಿದಂತೆ ಬಂದರು. ತಿನಿಸು ಕಂಡರೆ ಮಕ್ಕಳ ಬಾಯಿಗೆ ಈಗಲೂ ಲಾಭವೇ ಬರುತ್ತಿದ್ದುದರಿಂದ ಅವರ ಮುಂದೆ ಹರಳುಗಳನ್ನಷ್ಟೇ ಇಟ್ಟಿದ್ದೆ. ತಿನ್ನುವ ಪದಾರ್ಥ ಒಂದೂ ಕೋಣೆಯಲ್ಲಿ ಇರದಂತೆ ಬೆಳಿಗ್ಗೆಯೇ ಮಕ್ಕಳ ಜೇಬು, ಲಂಗ, ಚೀಲ ಎಲ್ಲ ಝಾಡಿಸಿದ್ದೆ. ಮಕ್ಕಳು ಒಂದು, ಎರಡು, ಮೂರು ಎಂದು ಹತ್ತರವರೆಗೆ ಎಣಿಸಿದರು. ಹಲಗೆಯ ಮೇಲಿನ ಅಂಕಿಗಳನ್ನು ಗುರುತಿಸಿದರು. ಮಹಬೂಬ್ ಒಮ್ಮೆ ಪಂದ್ರಾ ಎನ್ನಲು ಬಾಯಿ ತೆರೆದವನು ನನ್ನ ಮುಖ ನೋಡಿ ಹತ್ತು ಎಂದ. ಸಾಹೇಬರು ತಲೆದೂಗಿದರು. ಅವರು ಅಲ್ಲಿಗೇ ಎದ್ದು ಹೋಗಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು.

ಆದರೆ ಅವರಿಗೆ ಮಕ್ಕಳ ಮೇಲೆ ಪ್ರೀತಿ ಬಂದುಬಿಟ್ಟಿತು. ಬಜಾರಿನಿಂದ ತಂದಿದ್ದ ಹುರಿದ ಶೇಂಗಾದ ಪೊಟ್ಟಣ ಬಿಚ್ಚಿ ಕಾಶಿಯ ಮುಂದೆ ಸುರಿದರು. "ಎಣಿಸಿ ಎಲ್ಲರಿಗೂ ಹಂಚು," ಎಂದರು.

ಶೇಂಗಾ! ಇಡೀ ಕಲ್ಯಾಣಿಯಲ್ಲಿ ಅವರಿಗೆ ಬೇರೆ ಏನೂ ಸಿಗಲಿಲ್ಲವೇ?

ಕಾಶಿ ಮೊದಲನೆಯ ಶೇಂಗಾ ಎತ್ತಿಕೊಂಡಳು. ನನ್ನ ಮುಖ ನೋಡಿದಳು. ಬಾಯಿ ಬಿಗಿದುಕೊಂಡು ಅದನ್ನು ಪಕ್ಕಕ್ಕಿಟ್ಟಳು. ಎರಡನೆಯದನ್ನು ಎತ್ತಿ, "ಎರಡ," ಎಂದಳು.

"ಒಂದು ಎಲ್ಲಿ ಹೋಯಿತು?" ಎಂದರು ಸಾಹೇಬರು.

ಕಾಶಿ ಪಕ್ಕಕ್ಕಿಟ್ಟಿದ್ದ ಶೇಂಗಾವನ್ನು ಇನ್ನಷ್ಟು ದೂರ ಸರಿಸಿದಳು.

"ಈಗ ತಾನೆ ಹರಳು ಎಣಿಸುವಾಗ ಹೇಳಿದೆಯಲ್ಲ? ಬರುತ್ತದಲ್ಲ ನಿನಗೆ? ಹೇಳು."

"ಅನ್ನಂಗಿಲ್ರಿ," ಎಂದಳು ಕಾಶಿ.

"ಯಾಕೆ?"

"ಅಕ್ಕ ಅಂದಿದ್ಳು, ಜ್ವಾಳದ ಮುಂದ. ಮೊದಲ ನಾವು ಇಬ್ರು ಸಾಲಿಗಿ ಬರ್ತಿದ್ದೆವ್ರಿ." ಆಮೇಲೆ ಬೆರಳೊಂದನ್ನು ಎತ್ತಿ ತೋರಿಸಿದಳು. "ಈಗ ನಾ ಒಂದ ಉಳದೀನ್ರಿ."

ಸಾಹೇಬರು ಆ ಬೆರಳನ್ನೇ ನೋಡುತ್ತ ನಿಂತರು. ಜನವರಿಯಲ್ಲಿ ಅವರು ತೋರಿಸಿದ್ದೂ ಒಂದು ಬೆರಳೇ. ನನಗೆ ಸಿಟ್ಟು ಬಂತು. ಜನವರಿಯಲ್ಲಿ ಅವರು ತಡೆದ ಮಾತನ್ನೂ ಆಮೇಲೆ ನಡೆದದ್ದನ್ನೂ ಈ ಸಲ ನಿಲ್ಲದೆ ಹೇಳಿಬಿಟ್ಟೆ: ರಾಶಿ, ರುಕ್ಮಾ, ಎರಡು ಚೀಲ, ಒಲೆ, ಎಲ್ಲ. ಈ ವರ್ಗ ಯಾರಿಗಾಗಿ ತೆರೆದದ್ದು ಎಂಬುದನ್ನೂ ಹೇಳಿದೆ. ಅವರು ಕೈ ಎತ್ತಲಿಲ್ಲ.

"ಇವಳಿಗೆ ಒಂದು ಬರುತ್ತದೆ, ಬಾಯಿ," ಎಂದರು ಕೊನೆಗೆ, ಮೆಲ್ಲಗೆ. "ವರ್ಗ ಮುಚ್ಚುವುದು ಬೇಡ." ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, "ಆ ದೊಡ್ಡ ಹುಡುಗಿಯನ್ನು ಶಾಲೆಗೆ ಕರೆತನ್ನಿ," ಎಂದು ಹೇಳಿ ಹುಮನಾಬಾದಿನ ಬಸ್ಸು ಹಿಡಿದರು. ಕರೆತನ್ನಿ! ತರಕಾರಿ ತಂದಂತೆ. ಆಯಿಯ ಮುಂದೆ ನಿಲ್ಲಬೇಕಾದವಳು ನಾನು ತಾನೆ?

ಆ ಸಂಜೆಯೇ ಹೋದೆ. ರುಕ್ಮಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ. ಆಯಿ ನನಗೆ ಕಂಬಳಿ ಹಾಸಿ, ನೀರು ಕೊಟ್ಟು, ಸಾಹೇಬರ ಮುಂದೆ ನಡೆದದ್ದನ್ನು ಪೂರ್ತಿ ಕೇಳಿಸಿಕೊಂಡಳು.

"ಸಾಹೇಬನ ಮುಂದೂ ಒಂದು ಅನ್ಲಿಲ್ಲೇನು ನಮ್ಮ ಕಾಶಿ?" ಎಂದಳು. ಮುಖದ ತುಂಬ ಹೆಮ್ಮೆ.

"ಶೇಂಗಾಕ್ಕ ಅನ್ಲಿಲ್ಲ."

"ಲಾಭ ಅಂದ್ಳೇನು?"

"ಇಲ್ಲ. ಸುಮ್ಮ ಇದ್ಳು."

"ಅದ ತಪ್ಪು ನೋಡ್ರಿ. ಲಾಭ ಅನ್ಬೇಕಿತ್ತು."

ವರ್ಷವಿಡೀ ತಡೆದಿಟ್ಟುಕೊಂಡದ್ದು ಆಗ ಒಡೆಯಿತು. ಹಿರಿಯರ ಮುಂದೆ ದನಿ ಏರಿಸಬಾರದು ಎಂಬುದು ನನಗೂ ಗೊತ್ತಿತ್ತು, ಆದರೂ ಏರಿಸಿದೆ. "ಆಯಿ, ಒಂದು ಅಂದ್ರ ಒಂದ ಉಳೀತದಂತ ಅಂಜೋರು ನೀವ ಹೌದಲ್ರಿ? ಸಾಲಿಗಿ ಬರೋ ಮೊಮ್ಮಕ್ಕಳು ನಿಮಗ ಎರಡು ಇದ್ರು. ಅದನ್ನ ಒಂದು ಮಾಡಿದೋರು ಯಾರು? ರುಕ್ಮಾ ಅಲ್ಲ, ಹಕ್ಕಿ ಅಲ್ಲ. ನೀವ."

ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಆಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಎದ್ದು ಹೋಗು ಎನ್ನುತ್ತಾಳೆ ಎಂದುಕೊಂಡೆ. ಅನ್ನಲಿಲ್ಲ. ಬದಲಿಗೆ ಒಂದು ಶರತ್ತು ಹಾಕಿದಳು: ತಿನ್ನುವ ಪದಾರ್ಥ ಯಾವುದೇ ಇರಲಿ, ಶಾಲೆಯಲ್ಲೂ ಲಾಭದಿಂದಲೇ ಎಣಿಸಬೇಕು, ಕಲ್ಲು, ಕಡ್ಡಿ, ಹಲಗೆಯ ಮೇಲಿನ ಅಂಕಿ ಶಿಕ್ಷಕಿಯಾದ ನನ್ನವು, ಅವಕ್ಕೆ ನಾನು ಏನು ಬೇಕಾದರೂ ಅನ್ನಿಸಿಕೊಳ್ಳಬಹುದು. ತರಬೇತಿಯಲ್ಲಿ ಇಂಥದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನನಗೆ ಸಾಕು ಸಾಕಾಗಿತ್ತು, ಒಪ್ಪಿದೆ. ಆಯಿ ಅಷ್ಟಕ್ಕೂ ಸುಮ್ಮನಾಗದೆ ಮೊರದಲ್ಲಿ ಜೋಳ ಹಾಕಿಸಿ, ನನ್ನ ಕಣ್ಣೆದುರೇ ರುಕ್ಮಾಳಿಂದ ಅಳೆಸಿದಳು. ರುಕ್ಮಾ ಹಿಟ್ಟಿನ ಕೈಯಲ್ಲೇ ಸೇರು ಹಿಡಿದು, ಸ್ಪಷ್ಟವಾಗಿ, "ಲಾಭ," ಎಂದಳು. ಅವಳ ಕಣ್ಣು ಮಾತ್ರ ನನ್ನ ಮೇಲಿತ್ತು.

ಮರುದಿನ ಮಕ್ಕಳಿಗೆಲ್ಲ ಹೊಸ ನಿಯಮ ಬಿಡಿಸಿ ಹೇಳಿದೆ. ತಿನ್ನುವುದಕ್ಕೆ ಲಾಭ, ಇಲ್ಲವೇ ಬರ್ಕತ್; ಉಳಿದದ್ದಕ್ಕೆ ಒಂದು. ನಾನು ಒಂಬತ್ತು ತಿಂಗಳು ಬಡಿದಾಡಿದ್ದನ್ನು ಅವರು ಒಂದೇ ಮುಂಜಾನೆಯಲ್ಲಿ ಅರ್ಥ ಮಾಡಿಕೊಂಡರು. ಹರಳಿಗೆ ಒಂದು ಎಂದರು, ಹುರಿದು ತಿನ್ನುವ ಹುಣಸೆ ಬೀಜಕ್ಕೆ ಲಾಭ ಎಂದರು, ಬಳಪಕ್ಕೆ ಒಂದು ಎಂದರು. ಬಳಪ ತಿನ್ನುವ ಹುಡುಗನೊಬ್ಬನಿದ್ದ, ಅವನಿಗೆ ಮಾತ್ರ ಸ್ವಲ್ಪ ಗೊಂದಲವಾಯಿತು.

ಆಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಚಿಕ್ಕ ಮಕ್ಕಳಿಗೆ ಎಣಿಕೆ ಕಲಿಸಿದೆ. ಮಗು ಖಾಲಿ ತಲೆಯಲ್ಲಿ ಶಾಲೆಗೆ ಬರುವುದಿಲ್ಲ, ಮನೆಯ ಲೆಕ್ಕವನ್ನು ಹೊತ್ತುಕೊಂಡೇ ಬರುತ್ತದೆ; ಅದನ್ನು ಕೆಳಗಿಳಿಸು ಎಂದು ಕೂಗುವುದಕ್ಕಿಂತ, ಅದರ ಪಕ್ಕದಲ್ಲಿ ನಮ್ಮದನ್ನೂ ಇಡಲು ಜಾಗ ಕೇಳುವುದು ಮೇಲು. ಈ ವೃತ್ತಿ ನನಗೆ ಕಲಿಸಿದ ಪಾಠ ಇದು. ಕಲಿಸುವಾಗ ಮೈಯೆಲ್ಲ ಉರಿಸಿತು ಎಂಬುದನ್ನೂ ಹೇಳಬೇಕು. ಆ ಹೊಸ ನಿಯಮವಂತೂ ಹೇಳಿಕೊಟ್ಟ ಮುಂಜಾನೆಯೇ ಮುರಿದುಬಿತ್ತು.

ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ಮನೆಗೆಲಸ ಮುಗಿಸಿ ತಡವಾಗಿ ಬಂದ ರುಕ್ಮಾ, ಪಾಟಿಯನ್ನು ಎದೆಗವಚಿಕೊಂಡು ತನ್ನ ತರಗತಿಗೆ ಹೋಗುವ ದಾರಿಯಲ್ಲಿ ನಮ್ಮ ಬಾಗಿಲಲ್ಲಿ ನಿಂತಳು. ಕಾಶಿ ಓಡಿಹೋಗಿ ಅವಳ ಕೈ ಹಿಡಿದಳು. "ಈಗ ಸಾಲಿಗಿ ಬರೋರು ಎಷ್ಟು ಮಂದಿ, ಕಾಶಿ?" ಎಂದು ಕೇಳಿದೆ. ಹರಳಿನ ಹಾಗೆ ಎಣಿಸಬೇಕಾದ ಪ್ರಶ್ನೆ. ಸ್ವಲ್ಪ ಮುಂಚೆ ತಾನೆ ಹೇಳಿಕೊಟ್ಟಿದ್ದೆ.

ಕಾಶಿ ಅಕ್ಕನ ತೋಳು ಮುಟ್ಟಿದಳು. "ಲಾಭ," ಎಂದಳು. ತನ್ನ ಎದೆ ಮುಟ್ಟಿಕೊಂಡಳು. "ಎರಡ."

ತಿದ್ದಲು ಬಾಯಿ ತೆರೆದೆ. ರುಕ್ಮಾ ನಗುತ್ತಿದ್ದಳು. ತೆರೆದ ಬಾಯಿ ಮುಚ್ಚಿಕೊಂಡು, ಸೀಮೆಸುಣ್ಣ ಎತ್ತಿ, ಹಲಗೆಯ ಮೇಲೆ ದೊಡ್ಡದಾಗಿ ೨ ಬರೆದೆ.